ಇಬ್ಬನಿ ಹುಲ್ಲು ತಿಂದ ಕುರಿ

ನಾನು ಮುತ್ತಜ್ಜನಾಗಿದ್ದೇನೆ. ಮೊದಲು ಇದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ಮಾತು ಗಂಟಲು ಬಿಟ್ಟು ಹೊರಗೆ ಬರುವುದಿಲ್ಲ. ಮೊಮ್ಮಗಳಿಗೆ ಹೆಣ್ಣು ಮಗು. ತಲೆ ತುಂಬ ಕೂದಲು, ಮುಷ್ಟಿ ಬಿಗಿದುಕೊಂಡೇ ಮಲಗುತ್ತದೆ. ಸರಸ್ವತಿ ನಗರದ ನಮ್ಮ ಬೀದಿಯಲ್ಲಿ ನಾನು ಪೇಡೆ ಕೊಡದ ಮನೆ ಉಳಿದಿಲ್ಲ. ಗುರುತು ಪರಿಚಯವಿಲ್ಲದ ಆಟೋದವನಿಗೂ ಕೊಟ್ಟೆ. ಅವನು, "ಏನ್ ಅಜ್ಜಾರ, ಲಾಟ್ರಿ ಹೊಡೀತಾ?" ಎಂದ. "ಹೊಡೀತು ನೋಡಪ್ಪ" ಎಂದೆ.

ಮೊನ್ನೆ ಮಗುವಿಗೆ ಲಸಿಕೆ ಹಾಕಿಸಲು ಪಿ.ಜೆ. ಬಡಾವಣೆಯ ಆಸ್ಪತ್ರೆಗೆ ಹೋದಾಗ ನಾನೂ ಹಟ ಮಾಡಿ ಜೊತೆಗೆ ಹೋದೆ. ಸಂಜೆಗೆ ಮಗುವಿನ ಮೈ ಬೆಚ್ಚಗಾಯಿತು. ಮೊಮ್ಮಗಳು ಕಣ್ಣೀರು ತೆಗೆದಳು. "ಹೆದರಬ್ಯಾಡವ್ವ, ಅದರ ಮೈ ಪಾಠ ಕಲೀತೈತೆ" ಎಂದೆ. "ನಿನಗೆ ಹೆಂಗೆ ಗೊತ್ತು ಅಜ್ಜಾ?" ಎಂದಳು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಮುದುಕನನ್ನು ಹಾಗೆ ಕೇಳಿದ್ದು ತಪ್ಪಲ್ಲ. "ಕುರಿಗಳಿಂದ ಗೊತ್ತು" ಎಂದೆ. ಮನೆಯವರೆಲ್ಲ ನಕ್ಕರು, ನಾನೂ ನಕ್ಕೆ. ಆಮೇಲೆ ಒಬ್ಬನೇ ಕೂತಾಗ ಆ ಕುರಿಗಳೆಲ್ಲ ಕಣ್ಣ ಮುಂದೆ ಬಂದು ನಿಂತವು. ನಗು ನಿಂತುಹೋಯಿತು. ಅದನ್ನೆಲ್ಲ ಬರೆದುಕೊಡು ಎಂದು ಮೊಮ್ಮಗಳು ಹಿಂದೆ ಬಿದ್ದಿದ್ದಾಳೆ. ಬರೆಯುತ್ತಿದ್ದೇನೆ. ಕಾಗುಣಿತ ಅವಳು ತಿದ್ದಲಿ.

ಆಗ ನಾನು ದಾವಣಗೆರೆಯ ದನದ ಆಸ್ಪತ್ರೆಯಲ್ಲಿ ಜವಾನ. ಊರು ಗಿರಣಿಗಳ ಕೂಗಿಗೆ ಎದ್ದು ಗಿರಣಿಗಳ ಕೂಗಿಗೆ ಉಣ್ಣುತ್ತಿದ್ದ ಕಾಲ. ಭದ್ರಾ ಕಾಲುವೆಯನ್ನು ಅಗೆಯುತ್ತ ಬರುತ್ತಿದ್ದರು. ನೀರು ಬರುತ್ತದೆಂದು ಹೊಲದವರು ಹಿಗ್ಗುತ್ತಿದ್ದರು, ಕುರಿಯವರು ಹೆದರಿದ್ದರು. ಒಣ ನೆಲದ ಕುರಿ ಹಸಿ ನೆಲದ ಹುಲ್ಲಿಗೆ ಬಿದ್ದರೆ ಉಳಿಯುವುದಿಲ್ಲ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು. ಬೇಸಿಗೆಯಲ್ಲಿ ಮೇವಿಗೆಂದು ಹರಿಹರದ ಹೊಳೆದಂಡೆಗೆ ಹೊಡೆದುಕೊಂಡು ಬಂದ ಹಿಂಡುಗಳು ಮಳೆ ಬಿದ್ದ ಮೇಲೆ ಒಂದೊಂದಾಗಿ ಮಲಗುತ್ತಿದ್ದವು. ಗದ್ದದ ಕೆಳಗೆ ನೀರು ತುಂಬಿದ ಚೀಲ ತೂಗುತ್ತಿತ್ತು. ಕಣ್ಣಿನ ಒಳರೆಪ್ಪೆ ಬಿಡಿಸಿ ನೋಡಿದರೆ ಕಾಗದದಂತೆ ಬೆಳ್ಳಗೆ. ಸತ್ತದ್ದರ ಹೊಟ್ಟೆ ಕೊಯ್ದರೆ ಒಳಗೆ ದಾರದೆಳೆಯಂಥ ಹುಳಗಳು. ಕೆಂಪು ಎಳೆ ಬಿಳಿ ಎಳೆ ಸೇರಿಸಿ ಹೊಸೆದ ಹುರಿಯ ಹಾಗೆ, ಕುಡಿದ ರಕ್ತ ಹೊರಗೇ ಕಾಣುತ್ತಿತ್ತು. ಆದರೆ ಅದೇ ದಂಡೆಯಲ್ಲಿ ಹುಟ್ಟಿ ಬೆಳೆದ ಹರಿಹರದ ಕುರಿಗಳು ಅದೇ ಹುಲ್ಲು ತಿಂದು ಗುಂಡಗೆ ಓಡಾಡಿಕೊಂಡಿದ್ದವು.

ಅದು ಯಾಕೆ ಎಂದು ನೋಡಲು ಒಬ್ಬ ಡಾಕ್ಟರು ಬಂದರು. ಮೈಸೂರು ಕಡೆಯವರು. ತೆಳ್ಳಗಿನ ಮೈ, ದಪ್ಪ ಕನ್ನಡಕ, ಮೆಲ್ಲಗಿನ ಮಾತು. ಹರಿಹರದಲ್ಲಿ ತುಂಗಭದ್ರೆಯ ದಂಡೆಗೆ ಬೇಲಿ ಹಾಕಿದ ಒಂದು ತಗ್ಗಿನ ಹೊಲ, ಅದರ ಮೇಲ್ಬದಿಗೆ ಹೆಂಚಿನ ಒಂದು ಹಳೆಯ ಕಟ್ಟಡ ಅವರಿಗೆ ಸಿಕ್ಕಿತ್ತು. ಕೈಯಾಳಾಗಿ ನನ್ನನ್ನು ಕಳಿಸಿದರು. ವಾರದಲ್ಲಿ ಹೆಚ್ಚು ದಿನ ಅಲ್ಲೇ ಇರುತ್ತಿದ್ದೆ, ಉಳಿದಂತೆ ಬಸ್ಸು ಹಿಡಿದು ದಾವಣಗೆರೆಗೆ, ಹೊಸ ಹೆಂಡತಿಯ ಹತ್ತಿರಕ್ಕೆ.

ಮೊದಲ ದಿನವೇ ಡಾಕ್ಟರು ನನ್ನನ್ನು ಕೂಡಿಸಿಕೊಂಡು ಹೇಳಿದರು. "ನೋಡಪ್ಪ, ಹುಳ ಒಂದೇ ಸಲಕ್ಕೆ ಸಾವಿರಗಟ್ಟಲೆ ಹೊಟ್ಟೆಗೆ ಹೋದರೆ ಕುರಿ ಸಾಯುತ್ತೆ. ಸ್ವಲ್ಪ ಸ್ವಲ್ಪವಾಗಿ ಹೋದರೆ ಹೊಟ್ಟೆಯ ಒಳಗೋಡೆ ಆ ಹುಳದ ಗುರುತು ಹಿಡಿಯೋಕೆ ಕಲಿಯುತ್ತೆ. ಒಂದ್ಸಲ ಗುರುತು ಸಿಕ್ಕಿದ ಮೇಲೆ ಹೊಸದಾಗಿ ಬಂದವಕ್ಕೆ ಅಲ್ಲಿ ನೆಲೆ ಕೊಡಲ್ಲ. ಹಾಲು ಕುಡಿಯೋ ಮರಿಗೆ ಇದು ಸಾಧ್ಯ ಇಲ್ಲ, ಸ್ವಲ್ಪ ಬೆಳೆದಿರಬೇಕು. ಇದು ನಿಜವೋ ಸುಳ್ಳೋ ಅಂತ ನಾವು ತೋರಿಸಬೇಕು."

ಇದಕ್ಕೆ ಹಸಿ ನೆಲ ಕಾಣದ ಮರಿಗಳು ಬೇಕಿತ್ತು. ದಾವಣಗೆರೆಯಿಂದ ಜಗಳೂರಿಗೆ ಹೋಗುವ ದಾರಿಯ ಒಣ ಸೀಮೆಯ ಒಬ್ಬ ಮುದುಕ ಒಪ್ಪಿದ. ಹೆಗಲ ಮೇಲೆ ಕಂಬಳಿ, ಬಾಯಲ್ಲಿ ಒಂದೇ ಸಮನೆ ಮಾತು. ಮೊದಲ ದಿನದಿಂದ ನಾನು ಅವನನ್ನು ಅಜ್ಜ ಎಂದೆ, ಅವನು ನನ್ನನ್ನು ತಮ್ಮಾ ಎಂದ. ಇನ್ನೂ ಹಾಲುಹಲ್ಲು ಬೀಳದ, ಒಂದೇ ವಯಸ್ಸಿನ ಇಪ್ಪತ್ತು ಮರಿಗಳನ್ನು ಹೊಡೆದುಕೊಂಡು ಬಂದ. ಮಾತು ಏನಾಗಿತ್ತೆಂದರೆ, ಕೆಲಸ ಮುಗಿಯುವವರೆಗೆ ಅಜ್ಜ ಅಲ್ಲೇ ಇದ್ದು ಅವನ್ನು ನೋಡಿಕೊಳ್ಳಬೇಕು. ಕೊನೆಗೆ ಬದುಕಿ ಉಳಿದವೆಲ್ಲ ಅವನಿಗೆ ವಾಪಸ್ಸು. ಡಾಕ್ಟರು ಕೈಮೇಲೆ ಕೈಯಿಟ್ಟು ಮಾತು ಕೊಟ್ಟರು.

ಆ ಮರಿಗಳಲ್ಲಿ ಒಂದು ಹೆಣ್ಣು ಅಪ್ಪಟ ಕಪ್ಪು. ಮೂಗಿನ ತುದಿಯಿಂದ ಗೊರಸಿನವರೆಗೆ ಒಂದು ಬೇರೆ ಬಣ್ಣದ ಕೂದಲಿಲ್ಲ. ಅಜ್ಜ ಅದನ್ನು ಕಾಡಿಗೆ ಎಂದು ಕರೆಯುತ್ತಿದ್ದ. ಬಣ್ಣ ಹಾಕದೆ ಕರಿ ಕಂಬಳಿ ನೇಯುವಂಥ ಉಣ್ಣೆ ಅವನ ಮನೆತನದಲ್ಲಿ ಆ ಒಂದು ತಳಿಗೆ ಮಾತ್ರ ಇತ್ತಂತೆ. ಮನೆಯ ಮದುವೆಗಳ ಕಂಬಳಿಯೆಲ್ಲ ಅದರದ್ದೇ. ಕಾಡಿಗೆಯ ತಾಯಿ, ಮರಿ ಹಾಲು ಬಿಟ್ಟು ಊರಲ್ಲೇ ಉಳಿದ ಮೇಲೆ, ಹಿಂದಿನ ಮಳೆಗಾಲದಲ್ಲಿ ಇದೇ ಹೊಳೆದಂಡೆಯಲ್ಲಿ ಗದ್ದ ಊದಿ ಸತ್ತಿತ್ತು. ತಳಿಯಲ್ಲಿ ಉಳಿದದ್ದು ಇದೊಂದೇ.

"ಅಂಥದನ್ನ ಯಾಕ ತಂದೆ ಅಜ್ಜಾ?" ಎಂದು ಕೇಳಿದೆ.

"ಮನ್ಯಾಗ ಬಿಟ್ಟು ಬಂದ್ರೆ ನನಗ ನಿದ್ದಿ ಹತ್ತಬೇಕಲ್ಲೋ. ಇಲ್ಲಿ ಡಾಕ್ಟ್ರು ಇರ್ತಾರೆ. ಇದಕ್ಕಿಂತ ಚಲೋ ಜಾಗ ಯಾವುದೈತೆ?"

ಮರಿಗಳನ್ನು ಎರಡು ಪಾಲು ಮಾಡಲು ಡಾಕ್ಟರು ನನ್ನ ಟೋಪಿಯಲ್ಲಿ ಚೀಟಿ ಹಾಕಿ ಎತ್ತಿಸಿದರು. ಒಂದು ಪಾಲಿಗೆ ನೆಲದಿಂದ ಮೇಲೆತ್ತಿ ಕಟ್ಟಿದ ಬಿದಿರು ಗಳಗಳ ಅಟ್ಟ. ಹಿಕ್ಕೆಯೆಲ್ಲ ಸಂದಿನಿಂದ ಕೆಳಗೆ ಬೀಳಬೇಕು, ಅದಕ್ಕೆ ಬಾಯಿ ತಾಗಬಾರದು. ಒಣ ಜೋಳದ ಸೊಪ್ಪೆ, ಶೇಂಗಾ ಹೊಟ್ಟು, ದಾವಣಗೆರೆಯ ಗಿರಣಿಯಿಂದ ತಂದ ಹತ್ತಿಕಾಳು, ಕಾಯಿಸಿ ಆರಿಸಿದ ನೀರು. ಒಂದು ಹುಳವೂ ಒಳಗೆ ಹೋಗದ ಹಾಗೆ ಬೆಳೆಸಬೇಕು. ಇನ್ನೊಂದು ಪಾಲಿಗೂ ಮೇವು, ನೀರು, ಅಟ್ಟ ಎಲ್ಲ ಹಾಗೆಯೇ. ಜೊತೆಗೆ ಎಣಿಸಿದ ಹುಳದ ಮರಿಗಳನ್ನು ಆಗಾಗ ಕುಡಿಸುವುದು. ನಾನು ಮೊದಲ ಪಾಲನ್ನು ದೊರೆ ಮಕ್ಕಳು ಎಂದೂ, ಹುಳ ಕುಡಿಯುವ ಪಾಲನ್ನು ಶಾಲೆ ಮಕ್ಕಳು ಎಂದೂ ಕರೆದೆ. ಡಾಕ್ಟರೂ ಹಾಗೇ ಕರೆಯತೊಡಗಿದರು. ಕಾಡಿಗೆಯ ಚೀಟಿ ದೊರೆ ಮಕ್ಕಳಲ್ಲಿ ಬಂತು. ಅಜ್ಜ ಕುಣಿದೇಬಿಟ್ಟ. "ನೋಡೋ ತಮ್ಮಾ, ನಮ್ಮ ಕಾಡಿಗಿ ಹುಳ ಕುಡಿಯಂಗಿಲ್ಲ! ಪುಣ್ಯ ಮಾಡೈತೆ!"

ಮಳೆಗಾಲದಲ್ಲಿ ಎರಡೂ ಪಾಲನ್ನು ಹಸಿ ಹುಲ್ಲಿಗೆ ಬಿಟ್ಟಾಗ ದೊರೆ ಮಕ್ಕಳಿಗೆ ಏನಾಗಲಿದೆ ಎಂಬುದು ನನಗೆ ಗೊತ್ತಿತ್ತು. ಡಾಕ್ಟರು ಅಜ್ಜನಿಗೂ ಹೇಳಿದ್ದರು. ಅವನು ತಲೆಯಾಡಿಸಿದ್ದ. ಆದರೆ ಮಳೆಗಾಲ ಆಗ ಬಹಳ ದೂರವಿತ್ತು.

ನನ್ನ ಕೆಲಸ ಹುಳ ಸಾಕುವುದು. ಹರಿಹರದ ಊರ ಕುರಿಗಳ ಹಿಕ್ಕೆ ಆಯ್ದು ತಂದು, ಪುಡಿ ಮಾಡಿ, ಇದ್ದಿಲ ಪುಡಿಯ ಜೊತೆ ಕಲಸಿ, ನೀರು ಚಿಮುಕಿಸಿ ಗಾಜಿನ ಜಾಡಿಯಲ್ಲಿ ತುಂಬುತ್ತಿದ್ದೆ. ತೀರಾ ಒದ್ದೆಯಾದರೆ ಕೊಳೆಯುತ್ತಿತ್ತು, ಒಣಗಿದರೆ ಎಲ್ಲ ಸಾಯುತ್ತಿತ್ತು. ಒಂದು ವಾರ ಕಳೆದ ಮೇಲೆ ಜಾಡಿಯನ್ನು ಓರೆ ಬೆಳಕಿಗೆ ಹಿಡಿದರೆ ಗಾಜಿನ ಒಳಮೈಮೇಲಿನ ಹನಿಗಳು ಮಿಸುಕುತ್ತಿದ್ದವು. ಹನಿ ಮಿಸುಕುವುದಲ್ಲ, ಹನಿಯೊಳಗಿನ ಹುಳ ಮೇಲೆ ಹತ್ತುವುದು. ಅವನ್ನು ತೊಳೆದಿಳಿಸಿ, ತೆಳು ಬಟ್ಟೆಯಲ್ಲಿ ಸೋಸಿ, ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಡಾಕ್ಟರು ಎಣಿಸುವರು. ಆ ಲೆಕ್ಕದ ಮೇಲೆ ನೀರು ಬೆರೆಸಿ, ಶಾಲೆ ಮಕ್ಕಳ ನಾಲಿಗೆಯ ಬುಡಕ್ಕೆ ಪಿಚಕಾರಿಯಿಂದ ಬಿಡುವುದು. ಪ್ರತಿ ವಾರ ಎರಡೂ ಪಾಲಿನ ಹಿಕ್ಕೆಯನ್ನು ಗಟ್ಟಿ ಉಪ್ಪುನೀರಿನಲ್ಲಿ ಕದಡಿ ನೋಡುವುದು. ಹುಳದ ತತ್ತಿ ಇದ್ದರೆ ಉಪ್ಪುನೀರಿನಲ್ಲಿ ಮೇಲಕ್ಕೆ ತೇಲಿ ಬರುತ್ತದೆ.

ಮನೆಗೆ ಹೋದರೆ ಹೆಂಡತಿ ಹಿತ್ತಲ ಬಾಗಿಲಲ್ಲೇ ತಡೆಯುತ್ತಿದ್ದಳು. "ಅಲ್ರೀ, ಊರ ಮಂದಿ ಹುಳ ಸಾಯಾಕ ಔಷಧ ಕೊಡ್ತಾರೆ. ನೀವು ಹುಳ ಸಾಕಿ ಕುಡಿಸ್ತೀರಂತೆ, ಅದಕ್ಕ ಸರ್ಕಾರ ಪಗಾರ ಬೇರೆ ಕೊಡ್ತೈತೆ! ಬೂದಿ ಹಾಕಿ ಕೈ ತೊಳಕೊಂಡು ಒಳಗ ಬರ್ರಿ." ಮೂರು ಸಲ ತೊಳೆಸದೆ ತಟ್ಟೆ ಮುಟ್ಟಲು ಬಿಡುತ್ತಿರಲಿಲ್ಲ. ಈಗ ಅವಳಿಲ್ಲ. ಇದ್ದಿದ್ದರೆ ಈ ಮಗುವನ್ನು ನನ್ನ ಕೈಗೆ ಕೊಡುವ ಮೊದಲೂ ಬೂದಿ ಹಾಕಿಸುತ್ತಿದ್ದಳು.

ಕಾರ್ತಿಕ ಮುಗಿದು ಇಬ್ಬನಿ ಬೀಳುವ ದಿನಗಳು. ಒಂದು ಬೆಳಿಗ್ಗೆ ಡಾಕ್ಟರು ಸೂಕ್ಷ್ಮದರ್ಶಕದಿಂದ ತಲೆಯೆತ್ತಿ, "ಇದು ಯಾವುದರದ್ದು?" ಎಂದರು. ಕಾಡಿಗೆಯದು. ತತ್ತಿಗಳು ತೇಲುತ್ತಿದ್ದವು. ಅದೇ ಅಟ್ಟದ ಉಳಿದ ದೊರೆ ಮಕ್ಕಳ ಹಿಕ್ಕೆ ಸ್ವಚ್ಛ. ಕಾಡಿಗೆಯ ಹೊಟ್ಟೆಗೆ ಮಾತ್ರ ಹುಳ ಹೋದದ್ದು ಎಲ್ಲಿಂದ?

ಹುಳದ ಜಾಡಿ ಮುಟ್ಟುವವನು ನಾನೊಬ್ಬನೇ. ಡಾಕ್ಟರು ಬೈಯಲಿಲ್ಲ. ನೀರಿನ ಬಾನಿ ಬದಲಿಸಿದೆವು, ಪೊರಕೆ ಸುಟ್ಟೆವು, ಸೊಪ್ಪೆಯನ್ನು ಬೇರೆ ಕಡೆಯಿಂದ ತರಿಸಿದೆವು. ಮುಂದಿನ ವಾರ ತತ್ತಿ ಇನ್ನೂ ಹೆಚ್ಚಾಗಿತ್ತು. ಆಗ ಡಾಕ್ಟರು ಜಾಡಿಯ ಕೋಣೆಯ ಬೀಗದ ಕೈಯನ್ನು ನನ್ನಿಂದ ಇಸಿದುಕೊಂಡು ತಮ್ಮ ಜೇಬಿಗೆ ಹಾಕಿಕೊಂಡರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಅದಾದ ಮರುದಿನವೋ ಅದರ ಮರುದಿನವೋ, ಬೆಳಕು ಹರಿಯುವಾಗ ನೀರು ಕಾಯಿಸಲು ಎದ್ದೆ. ಹೊಳೆಯ ಮೇಲೆ ಮಂಜು. ಅಟ್ಟದ ಪಕ್ಕ ಅಜ್ಜ ಬೆನ್ನು ಮಾಡಿ ನಿಂತಿದ್ದ. ಮೊಣಕಾಲವರೆಗೆ ಅವನ ಕಾಲು ಒದ್ದೆ, ಕಂಬಳಿಯ ಅಂಚಿಗೆಲ್ಲ ಹುಲ್ಲಿನ ಬೀಜ ಮೆತ್ತಿಕೊಂಡಿತ್ತು. ಕೈಯಲ್ಲಿ ಒಂದು ಹಿಡಿ ಹಸಿ ಹುಲ್ಲು, ನೀರು ತೊಟ್ಟಿಕ್ಕುತ್ತಿತ್ತು. ಗಳದ ಸಂದಿನಲ್ಲಿ ಮೂತಿ ತೂರಿಸಿ ಕಾಡಿಗೆ ಕರಕರ ತಿನ್ನುತ್ತಿತ್ತು.

"ಅಜ್ಜಾ, ಏನಿದು?"

"ಇಬ್ಬನಿ ಹುಲ್ಲೋ ತಮ್ಮಾ," ಎಂದ, ಏನೂ ಆಗದವನ ಹಾಗೆ. "ನಮ್ಮ ಕಡೆ ಈ ತಿಂಗಳಾಗೆ ಮುದ್ದಿನ ಮರಿಗೆ ದಿನಾ ಕೊಡ್ತಾರೆ. ಬಿಸಿಲು ಬೀಳಾಕ ಮುಂಚೆ ಬದುವಿನ ಮ್ಯಾಲಿಂದ ಒಂದು ಹಿಡಿ. ನಾಲಿಗಿ ತಂಪಾಗ್ತೈತೆ, ಮೈ ಮಿಂಚ್ತೈತೆ. ನಮ್ಮಪ್ಪ ಕೊಡ್ತಿದ್ದ. ಒಣ ಸೊಪ್ಪಿ ತಿಂದು ತಿಂದು ಇದರ ಮೂಗು ನೋಡು, ಹೆಂಗ ಒಣಗೈತೆ."

ಅವನ ಊರಿನ ಒಣ ಬದುವಿನಲ್ಲಿ ಅದು ನಿಜವಾಗಿ ತಂಪೇ. ನೀರು ದೂರವಿರುವ ಕಡೆ ಇಬ್ಬನಿಯೇ ಕುರಿಯ ಮೊದಲ ಗುಟುಕು. ಆದರೆ ಊರ ಕುರಿಗಳೆಲ್ಲ ಮೇಯುವ ಈ ಹೊಳೆದಂಡೆಯಲ್ಲಿ, ನನ್ನ ಜಾಡಿಯ ಗಾಜನ್ನು ಹತ್ತುವ ಹಾಗೆಯೇ ಹುಳಗಳು ಇಬ್ಬನಿ ಹಿಡಿದು ಹುಲ್ಲಿನ ತುದಿಗೆ ಹತ್ತಿ ಕೂತಿರುತ್ತವೆ. ಬಿಸಿಲೇರಿದರೆ ಕೆಳಗಿಳಿಯುತ್ತವೆ. ಅಜ್ಜ ಅವು ಮೇಲಿರುವ ಹೊತ್ತನ್ನೇ ಆರಿಸಿಕೊಂಡು, ಆ ಹುಲ್ಲನ್ನೇ ಕಿತ್ತು, ತನ್ನ ಮುದ್ದಿನ ಕುರಿಯೊಂದಕ್ಕೇ ತಿನ್ನಿಸಿದ್ದ.

ಡಾಕ್ಟರಿಗೆ ಹೇಳಿದೆ. ಅವರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಆಮೇಲೆ ಆ ಹುಲ್ಲನ್ನು ಬೋಗುಣಿಯಲ್ಲಿ ತೊಳೆದು, ತೊಳೆದ ನೀರಿನ ಒಂದು ಹನಿಯನ್ನು ಸೂಕ್ಷ್ಮದರ್ಶಕಕ್ಕಿಟ್ಟು ಅಜ್ಜನನ್ನು ಕರೆದರು. ಅಜ್ಜ ಒಂದು ಕಣ್ಣು ಮುಚ್ಚಿ ಬಾಗಿದವನು ಹಾಗೆಯೇ ನಿಂತ.

"ಅಯ್ಯೋ ಶಿವನೇ, ಓಡಾಡ್ತಾವಲ್ರೀ ಸಾಹೇಬ್ರ. ಇವನ್ನ ನಾನಾ ತಿನ್ನಿಸಿದ್ದು?"

"ಹೌದು ಅಜ್ಜ. ಆದರೆ ಇದು ಚಳಿಗಾಲ, ಹುಲ್ಲಿನ ಮೇಲೆ ಹುಳ ಕಡಿಮೆ. ಮಳೆಗಾಲದಲ್ಲಿ ಹೀಗೇ ಕೊಟ್ಟಿದ್ದರೆ ಇಷ್ಟೊತ್ತಿಗೆ ಸತ್ತಿರೋದು."

ನನಗೆ ಬೀಗದ ಕೈ ವಾಪಸ್ಸು ಕೊಟ್ಟರು. ಕೊಡುವಾಗ ನನ್ನ ಭುಜದ ಮೇಲೆ ಒಮ್ಮೆ ಕೈಯಿಟ್ಟರು, ಅಷ್ಟೆ. ಕಾಡಿಗೆ ಇನ್ನು ದೊರೆ ಮಕ್ಕಳಲ್ಲಿ ಲೆಕ್ಕವಿಲ್ಲ, ಶಾಲೆ ಮಕ್ಕಳಲ್ಲೂ ಇಲ್ಲ. ಅದನ್ನು ಊರಿಗೆ ಕಳಿಸಿಬಿಡುತ್ತಾರೆ ಎಂದುಕೊಂಡೆ. ಕಳಿಸಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಡಾಕ್ಟರು ಇಡೀ ದಿನ ಯೋಚನೆ ಮಾಡಿ ಹೇಳಿದ್ದು ಬೇರೆ. "ಅಜ್ಜ, ನಿಲ್ಲಿಸಬೇಡಿ. ಅದೇ ಜಾಗ, ಅದೇ ಹೊತ್ತು, ಅದೇ ಒಂದು ಹಿಡಿ. ದಿನಾ ಕೊಡಿ. ಇದನ್ನ ಬೇರೆ ಮೂಲೆಯಲ್ಲಿ ಕಟ್ಟೋಣ. ಹುಲ್ಲೇ ಇದಕ್ಕೆ ಪಾಠ ಕಲಿಸುತ್ತಾ ನೋಡೋಣ."

"ನೋಡಿದ ಮ್ಯಾಲೆ ಕೊಡಾಕ ಕೈ ಬರಂಗಿಲ್ರೀ ಸಾಹೇಬ್ರ."

"ಬೆಳೆದಿದೆ, ಚೆನ್ನಾಗಿ ತಿನ್ನುತ್ತೆ. ತಡಕೊಳ್ಳುತ್ತೆ. ಕಣ್ಣು ಬೆಳ್ಳಗಾದರೆ ಆ ಕ್ಷಣ ನಿಲ್ಲಿಸ್ತೀನಿ."

ಅಂದಿನಿಂದ ಅಜ್ಜ ಹುಲ್ಲು ತರುವ ನಡಿಗೆಯೇ ಬೇರೆಯಾಯಿತು. ದಾರಿಯುದ್ದಕ್ಕೂ ಗುನುಗುತ್ತಿದ್ದ ಹಾಡು ನಿಂತಿತು. ಹುಲ್ಲು ಹಿಡಿದು ನಿಂತು ಕಾಡಿಗೆಯ ಹಣೆಗೆ ತನ್ನ ಹಣೆ ಹಚ್ಚಿ ಏನೋ ಹೇಳಿ ಆಮೇಲೆ ತಿನ್ನಿಸುತ್ತಿದ್ದ. ಕಾಡಿಗೆ ಸ್ವಲ್ಪ ಸೊರಗಿತು. ಒಳರೆಪ್ಪೆಯ ಕೆಂಪು ತಿಳಿಯಾಯಿತು. ತತ್ತಿಯ ಲೆಕ್ಕ ಏರಿತು, ಏರಿತು, ಒಂದು ಕಡೆ ನಿಂತಿತು. ಆಮೇಲೆ ಇಳಿಯಲು ಶುರುವಾಯಿತು. ಅದೇ ಹುಲ್ಲು ತಿನ್ನುತ್ತಲೇ ಇತ್ತು, ತತ್ತಿ ಮಾತ್ರ ಇಳಿಯುತ್ತಲೇ ಇತ್ತು. ಶಾಲೆ ಮಕ್ಕಳಲ್ಲೂ ಹಾಗೆಯೇ. ಶಿವರಾತ್ರಿಯ ಹೊತ್ತಿಗೆ ಕಾಡಿಗೆಯ ಹಿಕ್ಕೆಯಲ್ಲಿ ತತ್ತಿ ಹುಡುಕಿದರೆ ಒಂದೋ ಎರಡೋ. ರೆಪ್ಪೆ ಮತ್ತೆ ದಾಸವಾಳದ ಮೊಗ್ಗಿನಂತಾಯಿತು. ಅಜ್ಜ ರೆಪ್ಪೆ ಬಿಡಿಸಿ ಬಿಡಿಸಿ ನನಗೆ ತೋರಿಸುವನು. "ಪಾಸಾತು ಕಣೋ! ನನ್ನ ಕಾಡಿಗಿ ಪಾಸಾತು!"

ಮಗು ಎದ್ದಿದೆ ಎಂದು ಕರೆದರು, ಹೋಗಿ ಬಂದೆ. ನನ್ನ ಬೆರಳು ಹಿಡಿದುಕೊಂಡರೆ ಬಿಡುವುದೇ ಇಲ್ಲ. ಎಷ್ಟು ಗಟ್ಟಿ ಹಿಡಿತ! ಇನ್ನು ಮುಂದಿನದನ್ನು ಬರೆಯುವುದು ಕಷ್ಟ, ಆದರೂ ಬರೆಯುತ್ತೇನೆ.

ಬೇಸಿಗೆಯ ಕೊನೆಗೆ ಶಾಲೆ ಮಕ್ಕಳು, ದೊರೆ ಮಕ್ಕಳು, ಕಾಡಿಗೆ ಎಲ್ಲಕ್ಕೂ ಔಷಧ ಕುಡಿಸಿ ಹೊಟ್ಟೆಯ ಹುಳ ಖಾಲಿ ಮಾಡಿದೆವು. ಬೂದು ಹಸಿರಿನ ಪುಡಿ. ಅದು ಕುಡಿದ ಕುರಿಯ ಉಚ್ಚೆ ಗಾಳಿ ತಾಗಿದರೆ ಕೆಂಪಾಗುತ್ತದೆ. ಅಜ್ಜ ಅದನ್ನು ಕಂಡು, "ರಕ್ತ ಹೊಯ್ತಾವಲ್ರೋ!" ಎಂದು ಕೂಗಿಕೊಂಡು ಓಡಿಬಂದಿದ್ದ. ಅವತ್ತು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಾವು ಮೂವರು ಸೇರಿ ನಕ್ಕದ್ದು ಅದೇ ಕೊನೆ.

ಮಳೆ ಹಿಡಿಯಿತು. ತಗ್ಗಿನ ಹೊಲದಲ್ಲಿ ಹುಲ್ಲು ಮೊಣಕಾಲೆತ್ತರ ಬಂತು. ಹುಲ್ಲಿಗೆ ಹುಳ ಹತ್ತಲೆಂದು ಊರ ಕುರಿಗಳನ್ನು ಮೊದಲು ಬಿಟ್ಟು ಮೇಯಿಸಿ, ಆಮೇಲೆ ನಮ್ಮವನ್ನೆಲ್ಲ ಒಟ್ಟಿಗೆ ಬಿಟ್ಟೆವು. ಈಗ ಎಲ್ಲಕ್ಕೂ ಒಂದೇ ಹುಲ್ಲು, ಒಂದೇ ನೀರು. ಹತ್ತಿಕಾಳು ತಿಂದು ಬೆಳೆದ ದೊರೆ ಮಕ್ಕಳು ಎಷ್ಟು ಚೆಂದ ಇದ್ದವೆಂದರೆ, ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಒಂದು ತಿಂಗಳಾಗುವುದರೊಳಗೆ ಅವು ನಡೆಯುವಾಗ ಹಿಂದೆ ಬೀಳತೊಡಗಿದವು. ಕೂತರೆ ಏಳಲು ಹೊತ್ತು ಬೇಕಾಯಿತು. ಒಂದರ ಗದ್ದ ಊದಿತು, ಇನ್ನೊಂದರದು, ಮತ್ತೊಂದರದು. ನಾನು ಕಾಯಿಸಿದ ನೀರು ಕುಡಿದು, ನಾನು ಕೈಯಾರೆ ಹಾಕಿದ ಕಾಳು ತಿಂದು ಬೆಳೆದವು. ನನ್ನ ಹೆಜ್ಜೆ ಸಪ್ಪಳಕ್ಕೆ ತಲೆಯೆತ್ತುತ್ತಿದ್ದವು, ಈಗ ತಲೆಯೆತ್ತಲು ಆಗದೆ ಕಿವಿ ಮಾತ್ರ ತಿರುಗಿಸುತ್ತಿದ್ದವು. ಒಂದು ಸತ್ತಿತು. ಎರಡು ದಿನ ಬಿಟ್ಟು ಎರಡು ಸತ್ತವು. ಶಾಲೆ ಮಕ್ಕಳು ಪಕ್ಕದಲ್ಲೇ ಮೇಯುತ್ತಿದ್ದವು. ಕಾಡಿಗೆ ಎಲ್ಲಕ್ಕಿಂತ ಮುಂದೆ.

ಔಷಧದ ಡಬ್ಬಿ ಕಪಾಟಿನಲ್ಲಿತ್ತು. ಅದು ನಮಗೆ ಮೂವರಿಗೂ ಗೊತ್ತಿತ್ತು. ಅಜ್ಜ ಡಾಕ್ಟರ ಮುಂದೆ ಹೋಗಿ ನಿಂತ. "ಪುಡಿ ಐತಲ್ರೀ ಸಾಹೇಬ್ರ" ಎಂದ. ಡಾಕ್ಟರು ಬಿಚ್ಚಿದ್ದ ಊಟದ ಡಬ್ಬಿಯನ್ನು ಉಣ್ಣದೆ ಹಾಗೇ ಮುಚ್ಚಿಟ್ಟರು. ಮರುದಿನ ಬೆಳಿಗ್ಗೆ ಇನ್ನೊಂದು ಸತ್ತಿದ್ದು ನೋಡಿ ತಾವೇ ಕಪಾಟು ತೆಗೆದರು. "ಸಾಕು. ತಿಳೀಬೇಕಾದ್ದು ತಿಳೀತು. ಬಿಸಿನೀರು ತಾ." ಉಳಿದ ದೊರೆ ಮಕ್ಕಳಿಗೆ ಆ ಹೊತ್ತಿಗೇ ಕುಡಿಸಿದೆವು. ಕೆಲವು ಎದ್ದವು. ಎರಡು ಏಳಲಿಲ್ಲ. ಅವಕ್ಕೆ ಗುಂಡಿ ತೋಡಿದವನು ನಾನು.

ಕೆಲಸ ಮುಗಿಯಿತು, ಅಜ್ಜ ಉಳಿದವನ್ನು ಹೊಡೆದುಕೊಂಡು ಊರಿಗೆ ಹೋಗುವುದೊಂದೇ ಬಾಕಿ ಎಂದುಕೊಂಡಿದ್ದೆವು. ಅವನು ಗಂಟು ಕಟ್ಟುತ್ತಿದ್ದ. ಡಾಕ್ಟರು ಅವನೆದುರು ನೆಲದ ಮೇಲೆ ಕೂತರು. ಅವರು ನೆಲದ ಮೇಲೆ ಕೂತದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

"ಅಜ್ಜ, ಹಿಕ್ಕೆಯಲ್ಲಿ ತತ್ತಿ ಇಲ್ಲ ಅಂದರೆ ಹೊಟ್ಟೆಯಲ್ಲಿ ಹುಳ ಇಲ್ಲ ಅಂತಲ್ಲ. ಒಳಗೆ ಇದ್ದುಕೊಂಡೇ ತತ್ತಿ ಇಡದೇ ಇರಬಹುದು. ಈಗ ಸುಮ್ಮನಿದ್ದು ಮುಂದೆ ಎದ್ದು ಕೊಲ್ಲಬಹುದು. ಒಳಗೆ ನೋಡದೆ ನಾನು ಏನು ಹೇಳಿದರೂ ಅದು ಊಹೆ."

ಅಜ್ಜನಿಗೆ ಅರ್ಥವಾಯಿತು. "ಶಾಲಿ ಮಕ್ಕಳಾಗೆ ಯಾವುದು ಬೇಕೋ ತಗೊಳ್ರಿ" ಎಂದ. "ಎರಡು ತಗೊಳ್ರಿ, ನಾಕು ತಗೊಳ್ರಿ. ಇದೊಂದನ್ನ ಬಿಡ್ರಿ."

"ಅವುಗಳಲ್ಲೂ ಎರಡನ್ನ ನೋಡಬೇಕು. ಆದರೆ ಜಾಡಿಯಲ್ಲಿ ಹುಳ ಸಾಕಿ, ಎಣಿಸಿ, ಕುಡಿಸೋರು ನಿಮ್ಮೂರಲ್ಲಿ ಯಾರಿದ್ದಾರೆ ಅಜ್ಜ? ನಿಮ್ಮವರ ಕೈಲಿ ಆಗೋದು ಹುಲ್ಲು ಮೇಯಿಸೋದು. ಬರೀ ಹುಲ್ಲಿನಿಂದ ಕಲಿತದ್ದು ಇದೊಂದೇ." ಡಾಕ್ಟರ ಧ್ವನಿ ಇನ್ನೂ ಇಳಿಯಿತು. "ಕೊಡಲ್ಲ ಅಂದರೆ ಕರಕೊಂಡು ಹೋಗಿ. ನಾನು ಮಾತು ಕೊಟ್ಟಿದ್ದೀನಿ. ಯಾರೂ ಏನೂ ಅನ್ನಲ್ಲ."

ಅಜ್ಜ ಗಂಟನ್ನು ಅಲ್ಲೇ ಬಿಟ್ಟು ಕಾಡಿಗೆಯನ್ನು ಕರೆದುಕೊಂಡು ಹೊಳೆಯ ಕಡೆಗೆ ನಡೆದ. ಹೋಗಲಿ, ಹಾಗೇ ಊರಿನ ದಾರಿ ಹಿಡಿದು ಹೋಗಿಬಿಡಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಕಾಡಿಗೆಗೆ ಆಗ ಹಾಲುಹಲ್ಲು ಬಿದ್ದು ಎರಡು ದೊಡ್ಡ ಹಲ್ಲು ಬಂದಿದ್ದವು. ಮುಂದಿನ ವರ್ಷಕ್ಕೆ ಮರಿ ಹಾಕುವ ವಯಸ್ಸು.

ಸಂಜೆಗೆ ವಾಪಸ್ಸು ಬಂದ. ಕುರಿಯ ಮೈ ತೊಳೆದಿದ್ದ, ಉಣ್ಣೆ ಒದ್ದೆಯಾಗಿ ಮಿಂಚುತ್ತಿತ್ತು.

"ಸಾಹೇಬ್ರ, ನಮ್ಮೂರ ಗೋಮಾಳದಾಗೆ ಕಾಲುವಿ ಗೂಟ ಹೊಡದಾರೆ. ನೀರು ಬಂದ್ರೆ ನಮ್ಮ ಮಂದಿ ಕುರಿ ಎಲ್ಲಿಗೆ ಹೋಗ್ಬೇಕು? ಇದರ ತಾಯಿ ಸತ್ತಾಗ ಯಾಕ ಸತ್ತಿತು ಅಂತ ನನಗ ತಿಳೀಲಿಲ್ಲ. ಇದು ಯಾಕ ಉಳೀತು ಅಂತನಾದ್ರೂ ತಿಳೀಲಿ." ಕಾಡಿಗೆಯ ಕೊರಳು ಸವರುತ್ತ, "ತಲಿ ನಾನಽ ಹಿಡೀತೀನಿ. ಬ್ಯಾರೆಯವರು ಹಿಡಿದ್ರೆ ಹೆದರ್ತೈತೆ" ಎಂದ.

ಮರುದಿನ ಬೆಳಿಗ್ಗೆ ಅವನೇ ಹಿಡಿದ. ಕಾಡಿಗೆ ಕೊಸರಲಿಲ್ಲ. ಅವನ ತೊಡೆಯ ಮೇಲೆ ಮುಖವಿಟ್ಟುಕೊಂಡು ಅವನ ಬೆರಳು ನೆಕ್ಕುತ್ತಿತ್ತು. ಅದರ ಬಗ್ಗೆ ಇನ್ನೇನೂ ಬರೆಯಲಾರೆ.

ಹುಳ ಕೂರುವುದು ಕುರಿಯ ನಾಲ್ಕನೆಯ ಹೊಟ್ಟೆಯಲ್ಲಿ. ಡಾಕ್ಟರು ಅದನ್ನು ಎರಡು ಕಡೆ ದಾರದಿಂದ ಬಿಗಿದು, ಹೊರಗೆ ತೆಗೆದು, ಉದ್ದಕ್ಕೆ ಬಿಡಿಸಿದರು. ಸತ್ತ ದೊರೆ ಮಕ್ಕಳಲ್ಲಿ ಆ ಜಾಗ ಕೆಂಪು ಹುರಿಗಳ ಉಂಡೆಯಾಗಿ ಕುದಿಯುತ್ತಿದ್ದುದನ್ನು ನಾನು ಕಂಡಿದ್ದೆ. ಇಲ್ಲಿ ಮಡಿಕೆ ಮಡಿಕೆಯಾಗಿ ದಪ್ಪಗೆ, ತಿಳಿಗೆಂಪಾಗಿ, ಏನೂ ಇಲ್ಲ. ಒಳಗೋಡೆ ತೊಳೆದ ನೀರನ್ನು ಕರಿ ತಟ್ಟೆಗೆ ಸುರಿದು ಹುಡುಕಿದೆವು. ಬೆರಳೆಣಿಕೆಯಷ್ಟು ಹುಳ ಸಿಕ್ಕವು. ಅವೂ ಬೆಳೆಯದೆ ಉಳಿದವು, ಕೂದಲಿನ ಚೂರಿನಂಥವು. ರಕ್ತ ಕುಡಿದ ಗುರುತೇ ಇಲ್ಲ. ಕರುಳನ್ನೂ ಉದ್ದಕ್ಕೆ ಸೀಳಿ ನೋಡಿದೆವು, ಅಲ್ಲೂ ಹಾಗೆಯೇ.

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಅಜ್ಜ, ನೋಡಿ."

ಅಜ್ಜ ಒಂದು ಬೆರಳಿಂದ ಆ ಒಳಗೋಡೆಯನ್ನು ಮೆಲ್ಲಗೆ ಸವರಿದ. "ಸಾರಿಸಿದ ಹಂಗೈತೆ" ಎಂದ.

"ಹೌದು."

"ಹಂಗಾರೆ ಇದು ಹುಳಕ್ಕ ಸಾಯ್ತಿರಲಿಲ್ಲ."

"ಇಲ್ಲ."

"ಮುದಿ ಆಗೋತನಕ ಬದುಕ್ತಿತ್ತು."

ಡಾಕ್ಟರು ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು, "ಬದುಕ್ತಿತ್ತು ಅಜ್ಜ" ಎಂದರು.

ಶಾಲೆ ಮಕ್ಕಳಲ್ಲಿ ಎರಡನ್ನೂ ನೋಡಿದೆವು. ಅವುಗಳಲ್ಲಿ ಕಾಡಿಗೆಗಿಂತ ಸ್ವಲ್ಪ ಹೆಚ್ಚು ಹುಳ ಇದ್ದವು. ಮಾಂಸ ಚೆನ್ನಾಗಿದೆ, ಹಂಚಿಕೊಳ್ಳಬಹುದು ಎಂದು ನೋಡಲು ಬಂದ ಊರವರಲ್ಲಿ ಯಾರೋ ಅಂದರು. ಅಜ್ಜ ತಲೆಯೆತ್ತಿ ಒಮ್ಮೆ ನೋಡಿದ. ಮತ್ತೆ ಯಾರೂ ಆ ಮಾತೆತ್ತಲಿಲ್ಲ. ಉಳಿದ ಕುರಿಗಳ ಜೊತೆ ಅವನು ಹೊರಟಾಗ ಏನನ್ನು ತಿನ್ನಿಸಬೇಕು, ಯಾವಾಗ ಮೇಯಿಸಬೇಕು ಎಂದೆಲ್ಲ ಡಾಕ್ಟರು ಮತ್ತೊಮ್ಮೆ ಹೇಳಿಕೊಟ್ಟರು. ಮಳೆಗಾಲದಲ್ಲಿ ಬಿಸಿಲೇರುವವರೆಗೆ ಹಿಂಡು ಬಿಡಬಾರದು. ಹಾಲು ಬಿಟ್ಟು ಬೆಳೆದ ಮರಿಗಳನ್ನು ಮಳೆ ನಿಂತ ಮೇಲೆ, ಇಬ್ಬನಿಯ ದಿನಗಳಲ್ಲಿ, ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ಹಸಿ ನೆಲಕ್ಕೆ ಬಿಡಬೇಕು. ಮೇಲೆ ಹತ್ತಿಕಾಳು ಹಾಕಬೇಕು. ರೆಪ್ಪೆ ಬೆಳ್ಳಗಾದದ್ದಕ್ಕೆ ಮಾತ್ರ ಔಷಧ.

ಕೆಲವು ವರ್ಷ ಕಳೆದವು. ಡಾಕ್ಟರು ವರ್ಗವಾಗಿ ಹೋಗಿದ್ದರು. ನನ್ನ ಮಗ, ಅಂದರೆ ಈ ಮೊಮ್ಮಗಳ ಅಪ್ಪ, ಹುಟ್ಟಿದ್ದ. ಆಸ್ಪತ್ರೆಯ ಕೆಲಸದ ಮೇಲೆ ಅಜ್ಜನ ಊರ ಕಡೆ ಹೋಗಬೇಕಾಯಿತು. ಕಾಲುವೆಗೆ ನೀರು ಬಂದಿತ್ತು. ಗೋಮಾಳದ ತಗ್ಗಿಗೆಲ್ಲ ಹಸಿರು ಹಬ್ಬಿತ್ತು. ಬಿಸಿಲೇರಿದ ಮೇಲೆ ಹಿಂಡು ಬಿಟ್ಟಿದ್ದರು. ಅಜ್ಜ ಬಾಗಿಹೋಗಿದ್ದ, ಆದರೂ ದೂರದಿಂದಲೇ ಗುರುತು ಹಿಡಿದು ಕೂಗಿದ. "ಬಾರೋ ತಮ್ಮಾ, ಹುಳದ ಮೇಷ್ಟ್ರೇ, ಬರ್ರಿ, ಕೂಡ್ರಿ!"

ನನ್ನ ಕೈ ಹಿಡಿದು ಹಿಂಡಿನೊಳಗೆ ನಡೆಸಿದ. ಒಂದೊಂದರ ರೆಪ್ಪೆ ಬಿಡಿಸಿ ತೋರಿಸಿದ. ಎಲ್ಲ ಕೆಂಪು. "ನೋಡು, ಒಂದರದ್ದಾದ್ರೂ ಗದ್ದ ಊದೈತಾ ನೋಡು. ನಮ್ಮೂರಾಗ ಅಷ್ಟೇ ಅಲ್ಲೋ, ಆಚಿ ಊರಾಗೂ ಹಿಂಗಽ ಮಾಡ್ತಾರೆ ಈಗ. ಎಲ್ಲಾ ಕಲ್ತಾವೆ." ಅವನ ಮುಖದಲ್ಲಿ ಹೆಮ್ಮೆಯಿತ್ತು, ಸುಳ್ಳು ಹೇಳುವುದಿಲ್ಲ.

ನಾನು ಹೂಂ ಹೂಂ ಎನ್ನುತ್ತಿದ್ದೆ. ನನ್ನ ಕಣ್ಣು ಮಾತ್ರ ಹಿಂಡಿನ ತುಂಬ ಓಡಾಡುತ್ತಿತ್ತು. ಕಂದು ಕುರಿ, ಬೂದು ಕುರಿ, ಬಿಳಿ ಹಣೆಯ ಕುರಿ, ಕಾಲಿಗೆ ಮಾತ್ರ ಕಪ್ಪು ಇದ್ದ ಕುರಿ. ಅಜ್ಜ ಮಾತು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಾನೆ ಎಂಬುದು ನನಗೆ ತಡವಾಗಿ ತಿಳಿಯಿತು.

"ಇಲ್ಲ ಬಿಡೋ ತಮ್ಮಾ," ಎಂದ ಮೆಲ್ಲಗೆ. "ನಾನೂ ದಿನಾ ಹಿಂಗಽ ಹುಡುಕ್ತೀನಿ."